ಉಪ್ಪುಗಾಳಿಯ ಊರಲ್ಲಿ ಬೈಕ್ ತೊಳೆಯುವುದು: ಬಾಲ್ದಿಯೋ, ಪೈಪೋ, ಪ್ರೆಶರ್ ವಾಷರೋ?

ಬಯಲುಸೀಮೆಯಲ್ಲಿ ಬೈಕ್ ತೊಳೆಯುವುದು ಧೂಳು ಹೋಗಲೆಂದು. ಮಂಗಳೂರು, ಉಡುಪಿಯ ಕಡೆ ತೊಳೆಯಬೇಕಾದ್ದು ಮೊದಲು ಉಪ್ಪು ಹೋಗಲೆಂದು. ಬೇರೆ ಊರಿನವರು ಕೊಡುವ ಎಷ್ಟೋ ಸಲಹೆ ಇಲ್ಲಿಗೆ ಹೊಂದದಿರುವುದು ಇದೇ ಕಾರಣಕ್ಕೆ.

ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಕರಾವಳಿಯಲ್ಲಿ ಮಳೆಗಾಲವಿಡೀ ಇದೇ ಸ್ಥಿತಿ, ಉಳಿದ ತಿಂಗಳುಗಳಲ್ಲೂ ರಾತ್ರಿ ಮತ್ತು ಬೆಳಗ್ಗೆ ಹೀಗೆಯೇ. ಬೋಲ್ಟಿನ ತಲೆಯ ಅಡಿಯಲ್ಲಿ, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗಿನ ಸುರುಳಿಯಲ್ಲಿ, ಟ್ಯಾಂಕಿನ ಕೆಳ ಅಂಚಿನಲ್ಲಿ ಕೂತ ಉಪ್ಪು ಆ ಜಾಗವನ್ನು ಸದಾ ಒದ್ದೆಯಾಗಿಡುತ್ತದೆ. ಹಾಗಾಗಿ ಮಳೆ ತಾಗದಂತೆ ಷೆಡ್ಡಿನಲ್ಲಿ ಇಟ್ಟ ಬೈಕಿಗೂ ತುಕ್ಕು ಬರುತ್ತದೆ. ಪಣಂಬೂರು, ತಣ್ಣೀರುಬಾವಿ, ಮಲ್ಪೆ, ಕಾಪು ಕಡಲ ಬದಿಗೆ ಹೋಗಿ ಬಂದರೆ ಮಾತ್ರ ಉಪ್ಪು ಹಿಡಿಯುತ್ತದೆ ಎಂದುಕೊಳ್ಳಬೇಡಿ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹತ್ತು ನಿಮಿಷ ಹೋದರೂ ಸಾಕು, ಅದರಿಂದ ಸೋರುವ ಉಪ್ಪು ಮಂಜುಗಡ್ಡೆ ನೀರು ಚಕ್ರದ ಗಾಳಿಗೆ ಎದ್ದು ಇಂಜಿನ್ನಿನ ಅಡಿ ತುಂಬಾ ಮೆತ್ತಿಕೊಳ್ಳುತ್ತದೆ.

ಸಮಾಧಾನದ ಸಂಗತಿಯೆಂದರೆ ಉಪ್ಪು ಬರೀ ನೀರಿಗೆ ಕರಗುತ್ತದೆ. ಅದಕ್ಕೆ ಔಷಧ ಬೇಡ, ದುಬಾರಿ ಯಂತ್ರವೂ ಬೇಡ. ಹಾಗಾಗಿ ಯಾವ ವಿಧಾನ, ಯಾವ ಡಬ್ಬ ಎಂದು ಆರಿಸುವಾಗ ಎರಡೇ ಪ್ರಶ್ನೆ ಕೇಳಿ: ಇದು ಸಂದಿಯ ಉಪ್ಪನ್ನು ತೆಗೆಯುತ್ತದೆಯೇ? ಆಮೇಲೆ ಆ ಸಂದಿ ಒಣಗುತ್ತದೆಯೇ?

ನೀರು ಹಾಕುವ ವಿಧಾನ

ಮನೆಯಲ್ಲಿ ನಳ್ಳಿ ಮತ್ತು ತೋಟದ ಪೈಪ್ ಇದ್ದರೆ ಅದೇ ಉತ್ತಮ ಆಯ್ಕೆ. ಪೈಪಿನ ಬಾಯಿಗೆ ಹೂವಿನಂತೆ ಚದುರಿಸುವ ನಾಜಲ್ ಹಾಕಿ. ಟ್ಯಾಂಕ್ ಮೇಲೆ ಅರ್ಧ ನಿಮಿಷ ಸಾಕು. ನೀರು ಹೆಚ್ಚು ಬೇಕಾದ್ದು ಕಣ್ಣಿಗೆ ಬೀಳದ ಕಡೆ: ಎರಡೂ ಮಡ್‌ಗಾರ್ಡಿನ ಒಳಭಾಗ, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದ ತೋಳಿನ) ಮೇಲ್ಭಾಗ, ಸೈಲೆನ್ಸರ್ ಬ್ರಾಕೆಟ್, ಸ್ಟ್ಯಾಂಡಿನ ಸುತ್ತ, ಇಂಜಿನ್ನಿನ ಕೆಳಗೆ. ಇಲ್ಲೆಲ್ಲ ಮೂರು ನಾಲ್ಕು ನಿಮಿಷ ನೀರು ನಿಧಾನವಾಗಿ ಹರಿಯಲಿ. ಮಳೆಯಲ್ಲಿ ನೆನೆದ ಬೈಕ್ ತಾನಾಗಿ ತೊಳೆದಂತೆ ಎಂಬ ನಂಬಿಕೆ ತಪ್ಪು. ಮಳೆ ತೊಳೆಯುವುದು ಮೇಲ್ಮೈಯನ್ನು ಮಾತ್ರ. ಅದೇ ಹೊತ್ತಿಗೆ ಚಕ್ರಗಳು ರಸ್ತೆಯ ಕೆಂಪು ಕೆಸರನ್ನು ಅಡಿಗೆ ಬಡಿಯುತ್ತಿರುತ್ತವೆ.

ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟುಗಳಲ್ಲಿ ಪಾರ್ಕಿಂಗ್ ಜಾಗಕ್ಕೆ ಪೈಪ್ ಎಳೆಯಲು ಬಿಡುವುದು ಕಡಿಮೆ. ಅಲ್ಲಿ ಬಾಲ್ದಿ ಮತ್ತು ಮಗ್ಗು ಸಾಕಾಗುತ್ತದೆ, ಆದರೆ ಬಾಲ್ದಿ ಎರಡು ಬೇಕು. ಒಂದರಲ್ಲಿ 8 ಲೀಟರ್ ಶಾಂಪೂ ನೀರು, ಇನ್ನೊಂದರಲ್ಲಿ 8 ಲೀಟರ್ ಬರೀ ನೀರು. ಬಟ್ಟೆಯನ್ನು ಪ್ರತಿ ಸಲವೂ ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂವಿಗೆ ಅದ್ದಬೇಕು. ಒಂದೇ ಬಾಲ್ದಿಯಾದರೆ ಮಡ್‌ಗಾರ್ಡಿನ ಹೊಯ್ಗೆ ತಿರುಗಿ ಟ್ಯಾಂಕಿಗೇ ಬರುತ್ತದೆ. ಬಿಸಿಲಿಗೆ ಹಿಡಿದಾಗ ಜೇಡರ ಬಲೆಯಂತೆ ಕಾಣುವ ಗೀರುಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ. ಇದರ ಜೊತೆಗೆ 2 ಲೀಟರಿನ ಕೈಪಂಪ್ ಸ್ಪ್ರೇಯರ್ ಒಂದಿದ್ದರೆ ಬಾಲ್ದಿ ತೊಳೆತವೂ ಪೈಪಿನ ಹತ್ತಿರಕ್ಕೆ ಬರುತ್ತದೆ. ಮಗ್ಗಿನ ನೀರು ತಲುಪದ ಸಂದಿಗೆ ಇದು ತಲುಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಡಿಕೆ ತೋಟವಿರುವ ಮನೆಯಲ್ಲಿ ಸ್ಪ್ರೇಯರ್ ಹೇಗೂ ಇರುತ್ತದೆ. ಬೋರ್ಡೋ ದ್ರಾವಣ ಹೊಡೆದ ಸ್ಪ್ರೇಯರನ್ನು ಎಷ್ಟೇ ತೊಳೆದಿದ್ದರೂ ಬೈಕಿಗೆ ಬಳಸಬೇಡಿ. ಅದರಲ್ಲಿರುವ ಮೈಲುತುತ್ತದ ತಾಮ್ರ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಮೇಲೆ ಕೂತು ಅವುಗಳನ್ನೇ ತಿನ್ನುತ್ತದೆ. ಇಂಜಿನ್ ಕೇಸಿನಲ್ಲಿ ಸಣ್ಣ ಗುಳಿಗಳು ಬಿದ್ದರೆ ಮತ್ತೆ ಸರಿ ಮಾಡಲು ಬರುವುದಿಲ್ಲ.

ಇನ್ನು ಪ್ರೆಶರ್ ವಾಷರ್. ಮನೆ ಬಳಕೆಯವು ಸುಮಾರು 100ರಿಂದ 130 ಬಾರ್ ಒತ್ತಡದವು, ಬೆಲೆ ಐದಾರು ಸಾವಿರ ರೂಪಾಯಿಯಿಂದ ಶುರು. ಮನೆಯಲ್ಲಿ ಕಾರೂ ಇದ್ದರೆ, ಅಂಗಳದ ಪಾಚಿಯನ್ನೂ ತೆಗೆಯುವುದಿದ್ದರೆ ಕೊಳ್ಳಬಹುದು. ಬೈಕಿಗೆಂದೇ ಕೊಳ್ಳುವುದು ನಮ್ಮ ಲೆಕ್ಕದಲ್ಲಿ ದಂಡ. ಚಕ್ರದ ಬೇರಿಂಗ್, ಹ್ಯಾಂಡಲ್ ತಿರುಗುವ ಬೇರಿಂಗ್, ಫೋರ್ಕ್ ಸೀಲ್, ಚೈನ್, ಇವುಗಳಿಗಿರುವ ರಬ್ಬರ್ ತುಟಿಗಳನ್ನು ಮಾಡಿರುವುದು ಮಳೆ ಮತ್ತು ಧೂಳು ತಡೆಯಲು, ನೇರ ನುಗ್ಗುವ ನೀರು ತಡೆಯಲು ಅಲ್ಲ. ಒಮ್ಮೆ ನೀರು ಒಳಹೊಕ್ಕರೆ ಗ್ರೀಸನ್ನು ಹೊರದಬ್ಬಿ ಅಲ್ಲೇ ಉಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎರಡು ಮೂರು ತಿಂಗಳ ಮೇಲೆ ಚಕ್ರ ಗುರ್ ಎನ್ನುತ್ತದೆ, ಹ್ಯಾಂಡಲ್ ನೇರಕ್ಕೆ ಬಂದಾಗ ಕಚ್ಚಿ ನಿಲ್ಲುತ್ತದೆ. ಈಗಾಗಲೇ ಯಂತ್ರ ಮನೆಯಲ್ಲಿದ್ದರೆ ಅಗಲ ಚದುರಿಸುವ ನಾಜಲ್ ಹಾಕಿ ಎರಡಡಿ ದೂರದಿಂದ ಮಡ್‌ಗಾರ್ಡಿನ ಒಳಗೆ, ಟೈರಿಗೆ ಮಾತ್ರ ಹಿಡಿಯಿರಿ. ಮೀಟರ್, ಸ್ವಿಚ್, ರೇಡಿಯೇಟರಿನ ತೆಳು ರೆಕ್ಕೆ, ಏರ್ ಫಿಲ್ಟರಿನ ಬಾಯಿ, ಸೈಲೆನ್ಸರ್ ತೂತು, ಇವುಗಳ ಕಡೆ ತಿರುಗಿಸಬೇಡಿ.

ಸರ್ವಿಸ್ ಸ್ಟೇಶನ್ನಿನ ವಾಟರ್ ವಾಶ್‌ಗೂ ಇದೇ ಮಾತು, ಅಲ್ಲಿ ಒತ್ತಡ ಇನ್ನೂ ಹೆಚ್ಚು. ರ‍್ಯಾಂಪಿನ ಮೇಲಿಟ್ಟು ಅಡಿಯಿಂದ ತೊಳೆಯುವ ಸೌಕರ್ಯ ಮನೆಯಲ್ಲಿ ಇರದು ಎಂಬುದು ನಿಜ. ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಒಮ್ಮೆ ಮತ್ತು ಮಳೆ ಮುಗಿದ ಮೇಲೆ ಒಮ್ಮೆ, ಪಕ್ಕದಲ್ಲೇ ನಿಂತು ಬೇರಿಂಗಿಗೆ ಹೊಡೆಯದಂತೆ ಹೇಳಿ ಮಾಡಿಸಿದರೆ ಸಾಕು.

ನೀರಿಲ್ಲದೆ ಸ್ಪ್ರೇ ಹೊಡೆದು ಒರೆಸುವ ದ್ರವಗಳು ಒಳಗೆ ನಿಂತು ಬರೀ ಧೂಳು ಕೂತ ಬೈಕಿಗೆ ಸರಿ. ಹೊಯ್ಗೆ ಅಥವಾ ಕೆಂಪು ಮಣ್ಣು ಹಿಡಿದದ್ದಕ್ಕೆ ಖಂಡಿತ ಬೇಡ.

ಯಾವ ನೀರು?

ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮಂಗಳೂರಿನ ನಳ್ಳಿ ನೀರು ತುಂಬೆಯಲ್ಲಿ ನೇತ್ರಾವತಿಯಿಂದ ಬರುತ್ತದೆ, ಉಡುಪಿಯದು ಬಜೆಯಲ್ಲಿ ಸ್ವರ್ಣಾ ನದಿಯಿಂದ. ಎರಡೂ ತೊಳೆಯಲು ಒಳ್ಳೆಯ ನೀರು. ಕಡಲ ಬದಿಯ ಬಾವಿಗಳಲ್ಲಿ ಮಾತ್ರ ಏಪ್ರಿಲ್–ಮೇ ಹೊತ್ತಿಗೆ ಉಪ್ಪು ಸೇರುವುದುಂಟು. ಉಪ್ಪು ತೆಗೆಯಲು ಹೋಗಿ ಉಪ್ಪು ನೀರನ್ನೇ ಸುರಿದಂತಾಗುತ್ತದೆ. ಮುರಕಲ್ಲಿನ ನೆಲದ ಕೆಲವು ಬಾವಿ, ಬೋರ್‌ವೆಲ್ಲುಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದು ಬಿಳಿ ಬೈಕಿನ ಮೇಲೆ ಹಳದಿ ಛಾಯೆ ಬಿಡುತ್ತದೆ. ಪರೀಕ್ಷೆ ಸುಲಭ: ಶುದ್ಧವಾಗಿ ಒರೆಸಿದ ಕನ್ನಡಿಯ ತುಂಡಿನ ಮೇಲೆ ಒಂದು ಚಮಚ ನೀರು ಹಾಕಿ ಬಿಸಿಲಿಗಿಡಿ. ಒಣಗಿದ ಮೇಲೆ ದಪ್ಪ ಬಿಳಿ ಉಂಗುರ ಉಳಿದರೆ ಆ ನೀರನ್ನು ಕೊನೆಯ ಜಾಲಿಕೆಗೆ ಬಳಸಬೇಡಿ.

ಮಳೆಗಾಲದಲ್ಲಿ ಇದಕ್ಕೆ ಪರಿಹಾರ ಮಾಡಿನ ಅಂಚಿನಲ್ಲೇ ಇದೆ. ಮೊದಲ ನಾಲ್ಕೈದು ಮಳೆ ಹಂಚಿನ ಪಾಚಿ, ಎಲೆ, ಉಪ್ಪು ತೊಳೆದುಕೊಂಡು ಹೋಗಲಿ. ಆಮೇಲೆ ಹಿಡಿದ ನೀರು ಮೃದು ನೀರು, ಕಲೆ ಬಿಡದು. ಕೊನೆಯ ಜಾಲಿಕೆಗೆ 5 ಲೀಟರ್ ಇದ್ದರೆ ಸಾಕು.

ಸೋಪು ಮತ್ತು ಬಟ್ಟೆ

ಬಟ್ಟೆ ಒಗೆಯುವ ಪುಡಿಯನ್ನು ದೂರವಿಡಿ. ಅದರಲ್ಲಿರುವ ವಾಷಿಂಗ್ ಸೋಡಾ ಕ್ಷಾರ, ಬರಿ ಅಲ್ಯೂಮಿನಿಯಮ್ಮನ್ನು ಮಂಕು ಮಾಡುತ್ತದೆ, ವ್ಯಾಕ್ಸನ್ನೂ ಎಬ್ಬಿಸುತ್ತದೆ. ಪಾತ್ರೆ ತೊಳೆಯುವ ಬಾರಿನಲ್ಲಿ ಉಜ್ಜುವ ಪುಡಿ ಇರುತ್ತದೆ, ಅದು ಇನ್ನೂ ಕೆಟ್ಟದು. ಪಾತ್ರೆ ತೊಳೆಯುವ ದ್ರವ ಅಷ್ಟು ಅಪಾಯವಲ್ಲ, ಆದರೆ ಜಿಡ್ಡಿನ ಜೊತೆ ವ್ಯಾಕ್ಸನ್ನೂ ತೆಗೆಯುತ್ತದೆ. ಹೊಸದಾಗಿ ವ್ಯಾಕ್ಸ್ ಹಾಕುವ ದಿನ, ಹಳೆಯದನ್ನು ತೆಗೆಯಲೆಂದೇ ಅದನ್ನು ಬಳಸಬಹುದು. ಉಳಿದ ದಿನಕ್ಕೆ ಕಾರ್ ಶಾಂಪೂ, ಡಬ್ಬದ ಮೇಲೆ ಬರೆದಷ್ಟೇ. ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛವಾಗುವುದಿಲ್ಲ. ಸಂದಿಯಲ್ಲಿ ಶಾಂಪೂ ಉಳಿದು ಅದನ್ನು ತೆಗೆಯಲು ಮತ್ತಷ್ಟು ನೀರು ಬೇಕಾಗುತ್ತದೆ.

ಬೈರಾಸಿನಿಂದ ಟ್ಯಾಂಕ್ ಒರೆಸುವ ಅಭ್ಯಾಸ ಬಿಡಬೇಕು. ಅದರ ಒರಟು ನೂಲು ಹೊಯ್ಗೆಯ ಕಣವನ್ನು ಹಿಡಿದುಕೊಂಡು ಎಳೆದಾಡುತ್ತದೆ. ಟ್ಯಾಂಕಿಗೆ, ಪ್ಯಾನಲ್ಲಿಗೆ ಮೈಕ್ರೋಫೈಬರ್. ಚಕ್ರಕ್ಕೆ ಬೇರೆ ಬಟ್ಟೆ, ಚೈನಿಗೆ ಹಳೆ ಬನಿಯನ್, ಟೈರಿಗೆ ತೆಂಗಿನ ನಾರಿನ ಬ್ರಷ್. ಇವು ಒಂದಕ್ಕೊಂದು ಬೆರೆಯದಿರಲಿ. ಒಮ್ಮೆ ನೆಲಕ್ಕೆ ಬಿದ್ದ ಮೈಕ್ರೋಫೈಬರ್ ಆ ದಿನಕ್ಕೆ ಚಕ್ರದ ಬಟ್ಟೆ.

ಚೈನ್: ಚಿಮಿಣಿ ಎಣ್ಣೆಯೋ, ಡೀಸೆಲ್ಲೋ, ಡಬ್ಬದ ಸ್ಪ್ರೇಯೋ

ಬೈಕಿನ ಮೈ ತೊಳೆಯುವ ಮೊದಲೇ ಚೈನ್ ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಕರಿ ಎಣ್ಣೆ ತೊಳೆದ ರಿಮ್ಮಿಗೇ ಹಾರುತ್ತದೆ. ನಿಮ್ಮದು ಪೂರ್ತಿ ಕವರಿನ ಚೈನಾದರೆ ಕವರಿನ ರಬ್ಬರ್ ಮುಚ್ಚಳ ತೆಗೆದು ಚಕ್ರ ತಿರುಗಿಸುತ್ತಾ ಎಣ್ಣೆ ಬಿಟ್ಟರೆ ಆಯಿತು. ಪೂರ್ತಿ ಸ್ವಚ್ಛತೆ ಸರ್ವಿಸಿನಲ್ಲಿ ಕವರ್ ಬಿಚ್ಚಿದಾಗ. ಮುಂದಿನದು ತೆರೆದ ಚೈನಿಗೆ.

ಚಿಮಿಣಿ ಎಣ್ಣೆ ಈಗಲೂ ಚೆನ್ನಾಗಿ ಕೆಲಸ ಮಾಡುವ, ಓ-ರಿಂಗಿಗೆ (ಚೈನಿನ ಕೊಂಡಿಗಳ ನಡುವಿನ ರಬ್ಬರ್ ಬಳೆಗೆ) ತೊಂದರೆ ಕೊಡದ ದ್ರವ. ರೇಷನ್ನಿನಲ್ಲಿ ಸಿಗುವುದು ಕಡಿಮೆಯಾಗಿದೆ ಎಂಬುದೊಂದೇ ಕೊರತೆ. ಡೀಸೆಲ್ ಕೊಳೆ ಬಿಡಿಸುತ್ತದೆ, ಆದರೆ ಹಿಂದೆ ಜಿಡ್ಡು ಉಳಿಸುತ್ತದೆ. ಅದರ ಮೇಲೆ ಲೂಬ್, ಅಂದರೆ ಚೈನ್ ಸವೆಯದಂತೆ ಹಾಕುವ ಎಣ್ಣೆ, ಸರಿಯಾಗಿ ಹಿಡಿಯದು, ಆದ್ದರಿಂದ ಶಾಂಪೂ ನೀರಿನಲ್ಲಿ ಮತ್ತೊಮ್ಮೆ ತೊಳೆಯಬೇಕು. ಪೆಟ್ರೋಲ್ ಮತ್ತು ಪೇಂಟ್ ಥಿನ್ನರ್ ಬೇಡವೇ ಬೇಡ. ಓ-ರಿಂಗ್ ಒಣಗಿ ಬಿರಿಯುತ್ತದೆ, ಕಾರ್ಖಾನೆಯಲ್ಲಿ ಒಳಗೆ ತುಂಬಿದ ಗ್ರೀಸ್ ಹೊರಬರುತ್ತದೆ, ಬೆಂಕಿಯ ಭಯ ಬೇರೆ. ಡಬ್ಬದ ಚೈನ್ ಕ್ಲೀನರ್ ಸುಲಭ, ಕೈ ಕೊಳೆಯಾಗದು, ಓ-ರಿಂಗಿಗೆ ಸರಿ ಎಂದು ಬರೆದಿದ್ದರೆ ನಿಶ್ಚಿಂತೆಯಿಂದ ಬಳಸಬಹುದು. ಖರ್ಚು ಮಾತ್ರ ಹೆಚ್ಚು. ಯಾವುದೇ ಆದರೂ ನೈಲಾನ್ ಬ್ರಷ್ ಬಳಸಿ. ತಂತಿ ಬ್ರಷ್ ಓ-ರಿಂಗನ್ನು ಕೀಳುತ್ತದೆ.

ಸುಮಾರು 100 ಮಿ.ಲೀ. ಚಿಮಿಣಿ ಎಣ್ಣೆ ಒಂದು ತೊಳೆತಕ್ಕೆ ಸಾಕು. ಅಡಿಯಲ್ಲಿ ಟ್ರೇ ಇಟ್ಟು ಹಿಡಿದುಕೊಳ್ಳಿ, ಬಾವಿಕಟ್ಟೆಯ ಹತ್ತಿರವಂತೂ ಈ ಕೆಲಸ ಮಾಡಲೇಬಾರದು. ಚಕ್ರವನ್ನು ಕೈಯಿಂದ ತಿರುಗಿಸಿ. ಇಂಜಿನ್ ಚಾಲೂ ಮಾಡಿ ಗೇರಿನಲ್ಲಿಟ್ಟು ತಿರುಗುವ ಚೈನಿಗೆ ಬಟ್ಟೆ ಹಿಡಿದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿನೊಳಗೆ ಹೋಗುತ್ತದೆ.

ಲೂಬಿನಲ್ಲಿ ಆಯ್ಕೆ ಋತುವಿನ ಪ್ರಕಾರ ಇರಲಿ. ಮಳೆಗಾಲದಲ್ಲಿ 90 ನಂಬರಿನ ಗೇರ್ ಎಣ್ಣೆ ಅಗ್ಗ, ರೋಲರಿನ ಒಳಗೆ ಇಳಿಯುತ್ತದೆ, ತೊಳೆದುಹೋದರೂ ಮತ್ತೆ ಹಾಕಲು ಮನಸ್ಸು ಹಿಂಜರಿಯದು. ಡಿಸೆಂಬರಿನಿಂದ ಮೇವರೆಗೆ, ಕಡಲ ಬದಿಯ ರಸ್ತೆಯಲ್ಲಿ ದಿನವೂ ಓಡುವ ಬೈಕಿಗೆ, ಒಣಗಿ ನಿಲ್ಲುವ ವ್ಯಾಕ್ಸ್ ಜಾತಿಯ ಲೂಬ್ ಒಳ್ಳೆಯದು. ಅಂಟು ಲೂಬಿಗೆ ಹೊಯ್ಗೆ ಮೆತ್ತಿಕೊಂಡು ಸ್ಪ್ರಾಕೆಟ್ ಹಲ್ಲನ್ನು ಅರೆಯುತ್ತದೆ. ಕೆಳಗಿನ ಎಳೆಯ ಒಳಬದಿಗೆ ಹಾಕಿ, ಆಗ ಚಕ್ರ ತಿರುಗಿದಂತೆ ಲೂಬ್ ಹೊರಕ್ಕೆ ಹರಡುತ್ತದೆ. ಹದಿನೈದು ನಿಮಿಷ ಬಿಟ್ಟು ಹೆಚ್ಚಿನದನ್ನು ಒರೆಸಿ. ಒಣ ಕಾಲದಲ್ಲಿ 500 ಕಿ.ಮೀ.ಗೊಮ್ಮೆ, ಜೋರು ಮಳೆಯಲ್ಲಿ 250–300ಕ್ಕೊಮ್ಮೆ. ನೀರು ಹೋಗಲೆಂದು ಹೊಡೆಯುವ ಡಬ್ಲ್ಯೂಡಿ-40 ಲೂಬ್ ಅಲ್ಲ. ಅದು ಒಂದೆರಡು ದಿನದಲ್ಲಿ ಹಾರಿಹೋಗಿ ಚೈನ್ ಬರಿದಾಗುತ್ತದೆ.

ಒಣಗಿಸುವುದು

ತೊಳೆಯುವುದಕ್ಕಿಂತ ಇದೇ ಮುಖ್ಯ ಎಂದರೂ ತಪ್ಪಲ್ಲ. ಬಟ್ಟೆ ತಲುಪುವುದು ಅರ್ಧ ಬೈಕಿಗೆ ಮಾತ್ರ. ಉಳಿದರ್ಧಕ್ಕೆ ಗಾಳಿ ಬೇಕು. ಕಂಪ್ಯೂಟರ್ ಧೂಳು ತೆಗೆಯುವ 500–600 ವಾಟಿನ ಕೈ ಬ್ಲೋವರ್ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಪ್ರೆಶರ್ ವಾಷರಿಗೆ ಹಾಕುವ ದುಡ್ಡಿನ ಐದನೇ ಒಂದು ಪಾಲು ಇದಕ್ಕೆ ಹಾಕಿ. ಸ್ವಿಚ್, ಕೀ ತೂತು, ಸ್ಪಾರ್ಕ್ ಪ್ಲಗ್ಗಿನ ಗುಳಿ, ಬೋಲ್ಟಿನ ತಲೆಗಳು, ಸೀಟಿನ ಅಡಿ, ಸ್ಪ್ರಿಂಗಿನ ಸುರುಳಿ, ಹೀಗೆ ಐದು ನಿಮಿಷ. ಕಾಲಡಿ ಒದ್ದೆ ಇರುವಲ್ಲಿ ನಿಂತು ಪ್ಲಗ್ ಹಾಕಬೇಡಿ. ಬ್ಲೋವರ್ ಇಲ್ಲದಿದ್ದರೆ ಎರಡು ಮೂರು ಕಿ.ಮೀ. ಓಡಿಸಿ ಬನ್ನಿ, ಮೊದಲ ನೂರು ಮೀಟರಿನಲ್ಲಿ ಬ್ರೇಕನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಡಿಸ್ಕ್ ಒಣಗಿಸಿ. ತೊಳೆಯುವಾಗ ನೀರು ಹೋಗದಂತೆ ಸೈಲೆನ್ಸರಿನ ತೂತಿಗೆ ಪ್ಲಾಸ್ಟಿಕ್ ಕಟ್ಟಿದ್ದರೆ ಅದನ್ನು ತೆಗೆದಿದ್ದೀರಾ ನೋಡಿಕೊಂಡು ಹೊರಡಿ.

ತೊಳೆದ ಕೂಡಲೇ ಬೈಕ್ ಕವರ್ ಹೊದಿಸಬೇಡಿ. ಆಟಿಯ ತಿಂಗಳಲ್ಲಿ (ಜುಲೈ–ಆಗಸ್ಟ್) ಹೀಗೆ ಮುಚ್ಚಿದ ಬೈಕಿನ ಸೀಟಿಗೆ ಎರಡೇ ದಿನದಲ್ಲಿ ಬೂಸ್ಟು ಬರುತ್ತದೆ, ಉಗಿ ಒಳಗೇ ಸಿಕ್ಕಿಕೊಂಡು ಕ್ರೋಮ್ ಚುಕ್ಕಿಯಾಗುತ್ತದೆ.

ರಕ್ಷಣೆಯ ಪದರ: ವ್ಯಾಕ್ಸ್, ಸೀಲಂಟ್, ಸೆರಾಮಿಕ್

ಕಾರ್ನಾಬಾ ವ್ಯಾಕ್ಸ್ ಹೊಳಪಿಗೆ ಚೆನ್ನ, ಆದರೆ ನಮ್ಮ ಮಳೆಗೆ ಮೂರ್ನಾಲ್ಕು ವಾರ ನಿಂತರೆ ಹೆಚ್ಚು. ಸಿಂಥೆಟಿಕ್ ಸೀಲಂಟ್ ಹೊಳಪಿನಲ್ಲಿ ಒಂದು ಕೈ ಕಡಿಮೆಯಾದರೂ ಎರಡು ಮೂರು ತಿಂಗಳು ಬಾಳುತ್ತದೆ. ಮನೆಯಲ್ಲಿ ಮಾಡುವವರಿಗೆ ಇದೇ ನಮ್ಮ ಆಯ್ಕೆ. ಪತ್ತನಾಜೆಗೆ ಮೊದಲು, ಅಂದರೆ ಮೇ ಮೂರನೇ ವಾರದೊಳಗೆ ಒಮ್ಮೆ ಹಚ್ಚಿ. ಸೀಲಂಟ್ ಕೂರಲು ಒಣ ಗಾಳಿ, ಒಣ ಮೈ ಬೇಕು, ಜೂನ್ ಬಂದ ಮೇಲೆ ಅಂಥ ದಿನ ಸಿಗುವುದು ಕಷ್ಟ. ಸ್ಪ್ರೇ ಸೆರಾಮಿಕ್ ಸುಲಭ, ಪ್ರತಿ ತೊಳೆತದ ಕೊನೆಗೆ ಹೊಡೆದು ಒರೆಸಬಹುದು. ಅಂಗಡಿಯಲ್ಲಿ ಮಾಡಿಸುವ ಸೆರಾಮಿಕ್ ಕೋಟಿಂಗ್ ಹೊಸ, ದುಬಾರಿ ಬೈಕಿಗೆ ಅರ್ಥವಿದೆ. ಆದರೆ ಅದು ಕಾಪಾಡುವುದು ಬಣ್ಣವನ್ನು. ಕರಾವಳಿಯ ಬೈಕುಗಳು ಕೊಳೆಯುವುದು ಬಣ್ಣದಿಂದಲ್ಲ, ಬೋಲ್ಟು, ಕಡ್ಡಿ ರಿಮ್ಮಿನ ನಿಪ್ಪಲ್, ಕ್ರ್ಯಾಶ್ ಗಾರ್ಡಿನ ಬೆಸುಗೆ, ಸೀರೆ ಗಾರ್ಡ್, ಫೋರ್ಕಿನ ಕ್ರೋಮ್ ಕೊಳವೆಗಳಿಂದ. ಕೋಟಿಂಗ್ ಮಾಡಿಸಿದ ಮೇಲೆ ತೊಳೆಯುವುದನ್ನು ಬಿಟ್ಟವರ ಬೈಕಿನಲ್ಲಿ ಟ್ಯಾಂಕ್ ಮಾತ್ರ ಹೊಳೆಯುತ್ತಿರುತ್ತದೆ.

ಮ್ಯಾಟ್ ಬಣ್ಣಕ್ಕೆ ವ್ಯಾಕ್ಸ್, ಪಾಲಿಶ್ ಎರಡೂ ಬೇಡ, ಅಲ್ಲಲ್ಲಿ ಹೊಳಪು ಬಂದು ಕಲೆಯಂತೆ ಕಾಣುತ್ತದೆ. ಡಿಸ್ಕಿಗೂ ಟೈರಿನ ನೆಲ ಮುಟ್ಟುವ ಭಾಗಕ್ಕೂ ಯಾವ ಪದರವೂ ತಾಗಬಾರದು.

ಇನ್ನು ಅಡಿಯ ಲೋಹಕ್ಕೆ. ಮಳೆಗೆ ಮೊದಲು ಡೀಸೆಲ್ ಅಥವಾ ಹಳೆ ಇಂಜಿನ್ ಎಣ್ಣೆ ಹೊಡೆಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಬೇಡ. ಡೀಸೆಲ್ಲಿಗೆ ರಬ್ಬರ್ ಬುಶ್ ಉಬ್ಬುತ್ತದೆ, ಹಳೆ ಎಣ್ಣೆಯಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತದೆ, ಎರಡಕ್ಕೂ ಮಣ್ಣು ಅಂಟುತ್ತದೆ, ಬ್ರೇಕ್ ಡಿಸ್ಕಿಗೆ ಒಂದು ಹನಿ ಹಾರಿದರೂ ಜೀವಕ್ಕೆ ಅಪಾಯ. ಅದರ ಬದಲು ಮೇಣದಂತೆ ನಿಲ್ಲುವ ಅಥವಾ ಲ್ಯಾನೋಲಿನ್ ಇರುವ ತುಕ್ಕು ನಿರೋಧಕ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಬೋಲ್ಟು, ಬೆಸುಗೆಗಳಿಗೆ ಒರೆಸಿ. ಸ್ಟ್ಯಾಂಡಿನ ಪಿನ್, ಫುಟ್‌ರೆಸ್ಟ್ ಪಿನ್ನಿಗೆ ಬೆರಳ ತುದಿಯಷ್ಟು ಗ್ರೀಸ್, ಬ್ಯಾಟರಿ ತುದಿಗೆ ಪೆಟ್ರೋಲಿಯಂ ಜೆಲ್ಲಿ.

ಫೋರ್ಕ್ ಕೊಳವೆಯಲ್ಲಿ ಕೆಂಪು ಚುಕ್ಕಿ ಕಂಡರೆ ಮುಂದೂಡಬೇಡಿ. ಆ ಒರಟು ಚುಕ್ಕಿ ಸೀಲನ್ನು ಹರಿದು ಎಣ್ಣೆ ಸೋರಿಸುತ್ತದೆ. ಅಡುಗೆಮನೆಯ ಅಲ್ಯೂಮಿನಿಯಮ್ ಫಾಯಿಲನ್ನು ಮುದುಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅದು ಕ್ರೋಮಿಗಿಂತ ಮೆತ್ತಗಿನ ಲೋಹ, ತುಕ್ಕು ತೆಗೆದರೂ ಗೀರು ಬಿಡದು. ಒರೆಸಿ ಒಣಗಿಸಿ ತೆಳುವಾಗಿ ವ್ಯಾಕ್ಸ್ ಹಚ್ಚಿ. ಕ್ರೋಮ್ ಎದ್ದು ಗುಳಿ ಬಿದ್ದಿದ್ದರೆ ಮನೆಯ ಕೆಲಸ ಅಲ್ಲ.

ಯಾರಿಗೆ ಯಾವುದು

ಕಡಲಿಗೆ ಒಂದೆರಡು ಕಿ.ಮೀ. ಒಳಗಿನ ಮನೆಯಾದರೆ ಪೈಪು, ಬ್ಲೋವರ್, ಸೀಲಂಟ್. ವಾರಕ್ಕೊಮ್ಮೆ ಸೋಪಿಲ್ಲದೆ ಬರೀ ನೀರು, ತಿಂಗಳಿಗೆ ಎರಡು ಸಲ ಪೂರ್ತಿ ತೊಳೆತ. ಬೀಚಿನಿಂದ ಬಂದ ದಿನ ರಾತ್ರಿಯೇ ಅಡಿಗೆ ನೀರು ಬೀಳಬೇಕು, ಇಂಜಿನ್ ಆರಿದ ಮೇಲೆ. ಕಾದ ಸೈಲೆನ್ಸರಿಗೆ ತಣ್ಣೀರು ಸುರಿಯಬೇಡಿ, ಅರ್ಧ ಗಂಟೆ ಕಾಯಿರಿ. ಫ್ಲ್ಯಾಟಿನವರಿಗೆ ಎರಡು ಬಾಲ್ದಿ, ಕೈಪಂಪ್, ಸ್ಪ್ರೇ ಸೆರಾಮಿಕ್. ಕಾರ್ಕಳ, ಪುತ್ತೂರಿನಂಥ ಒಳನಾಡಿನವರಿಗೆ, ಆಗುಂಬೆ, ಚಾರ್ಮಾಡಿ ಹತ್ತಿ ಇಳಿಯುವವರಿಗೆ ಉಪ್ಪಿಗಿಂತ ಕೆಂಪು ಮಣ್ಣಿನ ಕಾಟ ಹೆಚ್ಚು. ಅದನ್ನು ಉಜ್ಜುವ ಮೊದಲು ಐದು ನಿಮಿಷ ನೆನೆಸಬೇಕು.

ಮರದಡಿ ನಿಲ್ಲಿಸುವವರು ಹಲಸಿನ ಮೇಣ ಕೂತರೆ ಕೆರೆಯಬೇಡಿ, ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಸಡಿಲವಾಗುತ್ತದೆ, ಆಮೇಲೆ ಶಾಂಪೂ. ಮಾವಿನ ಸೊನೆ ಮತ್ತು ಕಾಗೆಯ ಹಿಕ್ಕೆ ಅದೇ ದಿನ ಹೋಗಬೇಕು, ಬಿಸಿಲಿಗೆ ಕಾದರೆ ಬಣ್ಣವನ್ನೇ ತಿನ್ನುತ್ತವೆ. ಆಯುಧ ಪೂಜೆಯ ಕುಂಕುಮ, ಗಂಧವನ್ನು ಒಣ ಬಟ್ಟೆಯಿಂದ ಒರೆಸಿದರೆ ಬಣ್ಣ ಸುತ್ತಲೂ ಹರಡುತ್ತದೆ, ಮ್ಯಾಟ್ ಬೈಕಿನಲ್ಲಂತೂ ಹಾಗೇ ಉಳಿಯುತ್ತದೆ. ಮರುದಿನ ಬೆಳಗ್ಗೆ ಮೊದಲು ನೀರು ಹರಿಸಿ ಪುಡಿ ತಾನಾಗಿ ಇಳಿಯಲಿ, ಉಳಿದದ್ದನ್ನು ಶಾಂಪೂ ನೀರಿನ ಮೈಕ್ರೋಫೈಬರಿನಿಂದ ಒತ್ತಿ ಎತ್ತಿ.